ಬೆಲ್ಲದ ಪಟ್ಟಿಯಲ್ಲಿ ದಲಾಲಿ ಕಾಣುತ್ತಿತ್ತು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರ ಪತ್ರ ಬಂದಿದೆ. ಮ್ಯಾನೇಜರ್ ಪರಿಚಯದ ಏಜೆಂಟರೊಬ್ಬರು ಕಂಪನಿಗೇ ಬಂದು ನಲವತ್ತು ಜನರಿಗೆ ನಿವೃತ್ತಿಗೆಂದು ವಿಮೆಯೂ ಉಳಿತಾಯವೂ ಸೇರಿದ ಎಂಡೋಮೆಂಟ್ ಪಾಲಿಸಿ, ಕೆಲವರಿಗೆ ಮ್ಯೂಚುವಲ್ ಫಂಡ್ ಮಾಡಿಸಿದ್ದಾರಂತೆ. "ದೀಪಾವಳಿಗೆ ಎಲ್ಲರಿಗೂ ಕುಂದಾ ಕೊಟ್ಟರು. ಅವರಿಗೂ ನಾಲ್ಕು ಕಾಸು ಸಿಗಲಿ ಬಿಡಿ. ಕಮಿಷನ್ ಅಂದರೆ ನೀವ್ಯಾಕೆ ಅಷ್ಟು ಉರಿದು ಬೀಳುತ್ತೀರಿ?" ಎಂದು ಕೇಳಿದ್ದಾರೆ.

ಸಿಗಲಿ, ಬೇಡ ಅಂದವರ್ಯಾರು? ಬಿಸಿಲಲ್ಲಿ ಬೈಕ್ ಓಡಿಸಿ ಮನೆಗೆ ಬರುತ್ತಾರೆ, ಫಾರ್ಮ್ ತುಂಬುತ್ತಾರೆ, ಮನೆಯಲ್ಲಿ ಸಾವಾದರೆ ಕ್ಲೇಮಿಗೆ ಓಡಾಡುವ ಒಳ್ಳೆಯವರೂ ಇದ್ದಾರೆ. ಇಷ್ಟು ಒಪ್ಪಿದೆ. ಇನ್ನು ನನ್ನ ಮಾತು.

ನಮ್ಮಪ್ಪ ಮಹಾಲಿಂಗಪುರದ ಪೇಟೆಗೆ ಬೆಲ್ಲ ಹಾಕುತ್ತಿದ್ದರು. ಅಡತಿ ಅಂಗಡಿಯವರು ಕೊಡುವ ಹಳದಿ ಪಟ್ಟಿಯಲ್ಲಿ ದಲಾಲಿ ಇಷ್ಟು, ಹಮಾಲಿ ಇಷ್ಟು, ತೂಕಕ್ಕೆ ಇಷ್ಟು ಅಂತ ಸಾಲುಸಾಲಾಗಿ ಬರೆದಿರುತ್ತಿತ್ತು. ಅಪ್ಪ ಕನ್ನಡಕ ಏರಿಸಿ, ಬೆರಳಿಟ್ಟು ಓದಿ, "ಹಮಾಲಿ ಇಷ್ಟ್ಯಾಕ ಹಿಡದೀರಿ?" ಅಂತ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ದಲಾಲಿ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ಜಗಳ ಆಗುತ್ತಿತ್ತು.

ನಿಮ್ಮ ಫಂಡಿನಲ್ಲಿ ಕಮಿಷನ್ ಸೇರಿದ ಖರ್ಚನ್ನು ದಿನಾ ಎನ್‌ಎವಿಯೊಳಗೇ, ಅಂದರೆ ಯೂನಿಟ್ಟಿನ ಬೆಲೆಯೊಳಗೇ, ಕಳೆದುಬಿಡುತ್ತಾರೆ. ನೀವು ಜೇಬಿನಿಂದ ತೆಗೆದು ಕೊಡುವುದೇ ಇಲ್ಲ, ನೋವಾಗುವುದು ಎಲ್ಲಿಂದ? ತಿಂಗಳಿಗೆ 5,000ದಂತೆ 30 ವರ್ಷ ಕಟ್ಟಿದರೆ, ವರ್ಷಕ್ಕೆ ಶೇ. 10ರ ಗಳಿಕೆಯಲ್ಲಿ ಸುಮಾರು 1 ಕೋಟಿ 13 ಲಕ್ಷ ಆಗುತ್ತದೆ. ಖರ್ಚಿನಲ್ಲಿ ಶೇ. 1 ಹೋಗಿ 9 ಉಳಿಯಿತು ಅನ್ನಿ, 92 ಲಕ್ಷವೂ ಆಗುವುದಿಲ್ಲ. ಹೋದದ್ದು 21 ಲಕ್ಷಕ್ಕಿಂತ ಜಾಸ್ತಿ. ನೀವು ಕಟ್ಟಿದ್ದೇ 18 ಲಕ್ಷ, ಲೆಕ್ಕ ಬರೆಯುವವರೇ!

ಏಜೆಂಟರಿಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ. ವಿತರಕರಿಗೆ ಎಷ್ಟು ಕಮಿಷನ್ ಹೋಯಿತು ಅಂತ ಅರ್ಧ ವರ್ಷದ ಸ್ಟೇಟ್‌ಮೆಂಟಿನಲ್ಲಿ ರೂಪಾಯಿ ಲೆಕ್ಕದಲ್ಲೇ ತೋರಿಸಬೇಕು ಎಂದು ಷೇರುಪೇಟೆ, ಫಂಡುಗಳ ಮೇಲೆ ಕಣ್ಣಿಡುವ ಸೆಬಿ 2016ರಲ್ಲಿ ನಿಯಮ ಮಾಡಿತು. ಅಂದರೆ ನಿಮಗೂ ಒಂದು ಹಳದಿ ಪಟ್ಟಿ ಬರುತ್ತಿದೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ, ಮೇಲ್‌ನಲ್ಲಿ. ಒಮ್ಮೆಯಾದರೂ ತೆರೆದಿದ್ದೀರಾ? ರವಿವಾರ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ನಾಲ್ಕು ಅಂಗಡಿ ತಿರುಗುವವರು ನೀವು.

ನಾನೂ ಜಾಣನೇನಲ್ಲ. 2008ರಲ್ಲಿ ಬ್ಯಾಂಕಿನ ಹುಡುಗನೊಬ್ಬ "ಸರ್, ಪೆನ್ಷನ್ ಇದ್ದಂಗೆ" ಅಂದ, ವಿಮೆಗೆ ಹೂಡಿಕೆ ಬೆರೆಸಿದ ಯುಲಿಪ್‌ಗೆ 20 ಸಾವಿರ ಕಟ್ಟಿದೆ. ಕಾಗದ ಬಂದಾಗ ನೋಡಿದರೆ ಹೂಡಿಕೆ ಆಗಿದ್ದು 14 ಸಾವಿರ! ಕೇಳೋಣವೆಂದು ಹೋದೆ, ಹುಡುಗನಿಗೆ ವರ್ಗ ಆಗಿತ್ತು. ವಿಮೆ ಕಾನೂನು ಬಹಳ ವರ್ಷ ಮೊದಲ ವರ್ಷದ ಕಂತಿನಲ್ಲಿ ಶೇ. 35ರ ತನಕ ಕಮಿಷನ್‌ಗೆ ಅವಕಾಶ ಕೊಟ್ಟಿತ್ತು. ಕುಂದಾ ಯಾರ ದುಡ್ಡಿನದು ಅಂತ ಯೋಚಿಸಿ, ಅಲ್ವಾ?

ಸರ್ಕಾರಿ ನೌಕರರು ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆ ಬೇಡವೆಂದು ಬೀದಿಗಿಳಿಯುತ್ತಾರೆ. ಅವರ ಸಿಟ್ಟಿಗೆ ಬೇರೆ ಕಾರಣವಿದೆ, ಅದು ನ್ಯಾಯವೇ. ಆದರೆ ಅಲ್ಲಿ ಫಂಡ್ ನೋಡಿಕೊಳ್ಳುವವರ ಶುಲ್ಕಕ್ಕೆ 2021ರಲ್ಲಿ ಇಟ್ಟ ಗರಿಷ್ಠ ದರ ಶೇ. 0.09, ಅಂದರೆ ಲಕ್ಷಕ್ಕೆ ವರ್ಷಕ್ಕೆ 90 ರೂಪಾಯಿ. ನಿಮ್ಮ ಪಿಎಫ್‌ಗೇ ಜಾಸ್ತಿ ಕಟ್ಟುವ ವಿಪಿಎಫ್ ಕೂಡ ಇದೆ. ಅದಕ್ಕೆ ಏಜೆಂಟರಿಲ್ಲ, ಕಮಿಷನ್ ಇಲ್ಲ. ಹಾಗಾಗಿ ಅದರ ಸುದ್ದಿ ಹೇಳಲು ಯಾರೂ ಕುಂದಾ ಹಿಡಿದು ಬರುವುದಿಲ್ಲ.

ಯೂನಿಯನ್ ಮೀಟಿಂಗಿನಲ್ಲಿ ಬೋನಸ್ಸಿಗೆ ಗಂಟೆಗಟ್ಟಲೆ ಮಾತು, ಇದಕ್ಕೆ ಐದು ನಿಮಿಷವಿಲ್ಲ. ಇನ್ನೊಂದು ಸಂಕಟ: ಅಂಗಡಿ ಬೋರ್ಡು ಕನ್ನಡದಲ್ಲಿರಬೇಕೋ ಮರಾಠಿಯಲ್ಲೋ ಅಂತ ಈ ಊರಲ್ಲಿ ಎಷ್ಟು ಸಲ ಕಲ್ಲು ಹಾರಿವೆ. ಮೂವತ್ತು ವರ್ಷದ ಪಗಾರ ಕೊಟ್ಟು ಕೊಳ್ಳುವ ಪಾಲಿಸಿಯ ಕಾಗದ ಎರಡೂ ಕಡೆಯವರಿಗೆ ಓದಲಾಗದ ಇಂಗ್ಲಿಷಿನಲ್ಲಿದೆ, ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ.

ಏಜೆಂಟರು ಮುಂದಿನ ಸಲ ಬಂದಾಗ ಚಹಾ ಕೊಡಿ, ಮರ್ಯಾದೆಯಿಂದ ಕೂರಿಸಿ. ನಲವತ್ತು ಜನರಿಂದ ಮೊದಲ ವರ್ಷ ತಮಗೆಷ್ಟು ಬಂತು, ಮುಂದೆ ವರ್ಷಕ್ಕೆಷ್ಟು ಬರುತ್ತದೆ ಅಂತ ರೂಪಾಯಿಯಲ್ಲಿ ಬರೆದುಕೊಡಲು ಹೇಳಿ. ಬರೆದುಕೊಟ್ಟರೆ ಒಂದು ಜೆರಾಕ್ಸ್ ನನಗೂ ಕಳಿಸಿ.

— ಸಂಪಾದಕ