ಯಾದಗಿರಿಯ ಬಡ ವಿದ್ಯಾರ್ಥಿಗಳು ಪಿಎಚ್.ಡಿ.ವರೆಗೆ ಹೋಗಲು ನನ್ನಂಥವರು ಏನು ಮಾಡಬಹುದು?

ನಿಮ್ಮ ಹುಟ್ಟೂರು ಯಾದಗಿರಿ ಜಿಲ್ಲೆ, ಕೆಲಸ ಬೆಂಗಳೂರಿನಲ್ಲಿ, ತಿಂಗಳಿಗೆ ಎರಡು ಸಲ ಊರಿಗೆ ಬರುತ್ತೀರಿ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಎಂ.ಎ., ಎಂ.ಎಸ್ಸಿ. ಮಕ್ಕಳಿಗೆ ಹಣ ಕೊಡಬೇಕೋ, ಅಧ್ಯಾಪಕ ಹುದ್ದೆಗೂ ಸಂಶೋಧನೆಗೂ ಅರ್ಹತೆ ಕೊಡುವ ನೆಟ್ ಪರೀಕ್ಷೆಗೆ ಕೋಚಿಂಗ್ ಕೊಡಿಸಬೇಕೋ ಎಂದು ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಸಮಾಜಶಾಸ್ತ್ರ ಕಲಿಸುವ ಅಧ್ಯಾಪಕಿ. ನಮ್ಮ ಮನೆಯಲ್ಲೂ ಅಕ್ಷರ ಕಲಿತವರಲ್ಲಿ ನಾನೇ ಮೊದಲಿನವಳು. ಹಣವೂ ಬೇಕು, ಕೋಚಿಂಗೂ ಬೇಕು. ಆದರೆ ಅದಕ್ಕೂ ಮೊದಲು ಆ ಮಕ್ಕಳ ಪಕ್ಕದಲ್ಲಿ ಕುಳಿತು, ಅವರದೇ ಆದ ಒಂದು ಪ್ರಶ್ನೆ ಹೊರಬರುವವರೆಗೆ ಕಾಯುವ ಹಿರಿಯರೊಬ್ಬರು ಬೇಕು.

ಕೆಲವು ವರ್ಷಗಳ ಹಿಂದೆ ಸುರಪುರ ತಾಲ್ಲೂಕಿನ ತಾಂಡಾದ ಒಬ್ಬ ಹುಡುಗಿ ತನ್ನ ಸಿನಾಪ್ಸಿಸ್, ಅಂದರೆ ಪಿಎಚ್.ಡಿ.ಗೆ ಏನನ್ನು ಹೇಗೆ ಸಂಶೋಧಿಸುತ್ತೇನೆಂಬ ರೂಪುರೇಷೆ, ತೋರಿಸಲು ಬಂದಳು. ಹದಿನೆಂಟು ಪುಟ, ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹಾಳೆ. ವಿಷಯ, ಯಾದಗಿರಿ ಜಿಲ್ಲೆಯ ಗ್ರಾಮೀಣ ಮಹಿಳೆಯರ ಸ್ಥಿತಿಗತಿ. ಏಳನೆಯ ಪುಟಕ್ಕೆ ಬಂದರೆ ಕಾವೇರಿ ನೀರಾವರಿಯಿಂದ ಈ ಜಿಲ್ಲೆಯ ರೈತ ಮಹಿಳೆಯರ ಬದುಕು ಸುಧಾರಿಸಿದೆ ಎಂದು ಬರೆದಿತ್ತು. ನಮ್ಮ ಕಡೆ ಹರಿಯುವುದು ಕೃಷ್ಣೆ ಮತ್ತು ಭೀಮೆ. ಡಿಟಿಪಿ ಅಂಗಡಿಯವರಿಗೆ ಎರಡು ಸಾವಿರ ರೂಪಾಯಿ ಕೊಟ್ಟು ಮಾಡಿಸಿದ್ದಳು; ಅದು ಅವಳಪ್ಪನ ನಾಲ್ಕು ದಿನದ ಕೂಲಿ. ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ. ಆದಾಯ ಪ್ರಮಾಣಪತ್ರದ ಅರ್ಜಿಯಂತೆ ಸಿನಾಪ್ಸಿಸ್ ಕೂಡ ಅಂಗಡಿಯಲ್ಲಿ ತುಂಬಿಸಿಕೊಳ್ಳುವ ಕಾಗದ ಎಂದು ತಿಳಿದಿದ್ದಳು. ಎಂ.ಎ.ಯ ಎರಡು ವರ್ಷಗಳಲ್ಲಿ ಅದು ಹಾಗಲ್ಲ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ಆ ಕಟ್ಟನ್ನು ಪಕ್ಕಕ್ಕಿಟ್ಟು, ‘ಚಿಕ್ಕಂದಿನಿಂದ ನಿನ್ನನ್ನು ಕಾಡಿದ್ದು, ಯಾರೂ ಉತ್ತರ ಹೇಳದೇ ಇದ್ದದ್ದು ಏನಾದರೂ ಇದ್ದರೆ ಹೇಳವ್ವಾ’ ಎಂದೆ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ದೀಪಾವಳಿ ಮುಗಿಯುತ್ತಲೇ ಅಪ್ಪ ಅವ್ವನೊಂದಿಗೆ ಪುಣೆಗೆ ಗುಳೆ ಹೋಗುತ್ತಿದ್ದಳಂತೆ. ಮರಳಿ ಬಂದಾಗ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ಪಾಠ ಮುಗಿದುಹೋಗಿರುತ್ತಿತ್ತು. ‘ಮೇಡಂ, ನಮ್ಮ ತಾಂಡಾದಿಂದ ಒಟ್ಟಿಗೆ ಶಾಲೆಗೆ ಸೇರಿದವರು ಹನ್ನೊಂದು ಮಂದಿ. ಹತ್ತನೆಯ ತರಗತಿ ದಾಟಿದವರು ಇಬ್ಬರು. ಉಳಿದವರು ಯಾವ ತರಗತಿಯಲ್ಲಿ, ಯಾವ ತಿಂಗಳಲ್ಲಿ ಶಾಲೆ ಬಿಟ್ಟರು ಎಂಬುದು ಎಲ್ಲಾದರೂ ಬರೆದಿರುತ್ತದೆಯೇ?’ ಎಂದು ಕೇಳಿದಳು. ಆ ಮಾತನ್ನು ಅವಳ ಕೈಯಿಂದಲೇ ಬರೆಸಿದೆ. ಅರ್ಧ ಪುಟವಾಯಿತು. ಅವಳ ಹೊಸ ಸಿನಾಪ್ಸಿಸ್ ಬೆಳೆದದ್ದು ಆ ಅರ್ಧ ಪುಟದಿಂದ. ಪಿಎಚ್.ಡಿ. ಪ್ರವೇಶದ ಸಂದರ್ಶನದಲ್ಲಿ ಈ ವಿಷಯವೇ ಏಕೆ ಎಂದು ಕೇಳಿದಾಗ ಅವಳು ತಡವರಿಸಲಿಲ್ಲ.

ಪ್ರಶ್ನೆ ಸಿಕ್ಕ ಮೇಲೆ ಓದಿನ ಕೆಲಸ. ಇಂಗ್ಲಿಷ್ ಎಲ್ಲರನ್ನೂ ತಡೆದು ನಿಲ್ಲಿಸುವುದು ಇಲ್ಲಿಯೇ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಕಳುಹಿಸಬೇಡಿ, ಅದರಿಂದ ಈ ಕೆಲಸ ಆಗುವುದಿಲ್ಲ. ಒಂದು ಸಂಶೋಧನಾ ಲೇಖನ ತೆಗೆದುಕೊಂಡು ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ. ಹಾಳೆ ಮುಚ್ಚಿಸಿ, ಅದರಲ್ಲಿ ಏನಿತ್ತೆಂದು ಕನ್ನಡದಲ್ಲಿ ಹೇಳಿಸಿ. ಹೇಳಿದ್ದನ್ನು ಬರೆಸಿ, ಆಮೇಲೆ ಇಂಗ್ಲಿಷಿಗೆ ತರಿಸಿ. ಆರಂಭದಲ್ಲಿ ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತದೆ, ಹಿಡಿಯಲಿ. ‘ಸಿಗ್ನಿಫಿಕೆಂಟ್’ ಎಂಬ ಪದಕ್ಕೆ ನಿಘಂಟಿನಲ್ಲಿ ‘ಮಹತ್ವದ’ ಎಂಬ ಅರ್ಥವಿದೆ. ಅಂಕಿಅಂಶಗಳ ಲೇಖನದಲ್ಲಿ ಅದೇ ಪದಕ್ಕೆ, ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ ಎಂಬ ಅರ್ಥ. ಇಂಥವನ್ನು ಯಾರಾದರೂ ಪಕ್ಕದಲ್ಲಿ ಕುಳಿತೇ ಹೇಳಿಕೊಡಬೇಕು. ಜೊತೆಗೆ, ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ತೆರೆದು, ತಮ್ಮ ವಿಷಯದ ಮೂರು ಪಿಎಚ್.ಡಿ. ಪ್ರಬಂಧಗಳ ಮೊದಲ ಅಧ್ಯಾಯ ಓದಿಸಿ. ಅದು ಉಚಿತ, ಮೊಬೈಲಿನಲ್ಲೂ ತೆರೆಯುತ್ತದೆ. ಪಿಎಚ್.ಡಿ. ಪ್ರಬಂಧವನ್ನು ಒಮ್ಮೆಯೂ ಕಣ್ಣಿನಿಂದ ನೋಡದೆ ಪಿಎಚ್.ಡಿ.ಗೆ ಅರ್ಜಿ ಹಾಕುವ ಮಕ್ಕಳು ನಮ್ಮಲ್ಲಿ ಬಹಳ.

ಇವರಿಗೆ ಇಂಗ್ಲಿಷ್ ಬಾರದು ಎಂಬುದನ್ನಷ್ಟೇ ಎಲ್ಲರೂ ಎಣಿಸುತ್ತಾರೆ. ಬೀದರಿನ ಒಬ್ಬ ಹುಡುಗನಿಗೆ ಕನ್ನಡ, ಉರ್ದು, ಮರಾಠಿ ಮೂರೂ ಓದಲು ಬರುತ್ತಿತ್ತು. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದವರು, ಆಗಿನ ಆಡಳಿತದ ಭಾಷೆ ಉರ್ದು. ಆ ಕಾಲದ ಕಾಗದಪತ್ರ ಓದಬಲ್ಲ, ಕನ್ನಡದಲ್ಲಿ ಬರೆಯಬಲ್ಲ ಇತಿಹಾಸದ ವಿದ್ಯಾರ್ಥಿ ಎಷ್ಟು ದೊಡ್ಡ ಆಸ್ತಿ ಎಂದು ನಾನು ಹೇಳಿದಾಗ ಅವನಿಗೆ ನಂಬಲಾಗಲಿಲ್ಲ. ಮನೆಯಲ್ಲಿ ಲಂಬಾಣಿ ಮಾತಾಡುವ ಹುಡುಗಿ ತಾಂಡಾದಲ್ಲಿ ಕೇಳಿಸಿಕೊಳ್ಳುವುದನ್ನು ನಾನು ಹತ್ತು ವರ್ಷ ತಿರುಗಿದರೂ ಕೇಳಿಸಿಕೊಳ್ಳಲಾರೆ.

ಅಮೆರಿಕದಲ್ಲಿ ಇಂಥ ಮಕ್ಕಳಿಗೆಂದೇ ಮೆಕ್‌ನೇರ್ ಹೆಸರಿನ ಕಾರ್ಯಕ್ರಮ ರೂಪಿಸಿದ್ದಾರೆ. ರೊನಾಲ್ಡ್ ಮೆಕ್‌ನೇರ್ ದಕ್ಷಿಣ ಕೆರೊಲಿನಾದ ಸಣ್ಣ ಪಟ್ಟಣದಲ್ಲಿ ಬೆಳೆದ ಕಪ್ಪು ಜನಾಂಗದ ಭೌತವಿಜ್ಞಾನಿ. 1976ರಲ್ಲಿ ಎಂಐಟಿಯಿಂದ ಪಿಎಚ್.ಡಿ. ಪಡೆದರು, 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದಲ್ಲಿ ತೀರಿಕೊಂಡರು. ಅವರ ಹೆಸರಿನ ಈ ಕಾರ್ಯಕ್ರಮದಲ್ಲಿ ಪದವಿ ಓದುವಾಗಲೇ ವಿದ್ಯಾರ್ಥಿಯನ್ನು ಒಬ್ಬ ಪ್ರಾಧ್ಯಾಪಕರ ಜೊತೆಗೆ ಸೇರಿಸಿ ಸಣ್ಣ ಸಂಶೋಧನೆಯೊಂದನ್ನು ಮಾಡಿಸುತ್ತಾರೆ. ನಾವು ಎಂ.ಎ. ಮುಗಿದು, ಮನೆಯಲ್ಲಿ ಮದುವೆಯ ಮಾತು ಶುರುವಾದ ಮೇಲೆ ಪಿಎಚ್.ಡಿ.ಯ ವಿಚಾರ ಎತ್ತುತ್ತೇವೆ. ನೀವು ಬಿ.ಎ. ಕೊನೆಯ ವರ್ಷದವರನ್ನೂ ಕರೆದುಕೊಳ್ಳಿ.

ಇನ್ನು ಹಣದ ಮಾತು. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. 2023ರಿಂದ ಈ ಮೊತ್ತ. ಕೂಲಿಯ ಮನೆಗೆ ಅಷ್ಟನ್ನು ತೋರಿಸಿದರೆ ಓದು ಸಾಕು ಎನ್ನುವ ಒತ್ತಡ ತಾನಾಗಿ ತಗ್ಗುತ್ತದೆ. ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಎಂ.ಎ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. 2024ರಿಂದ ಜೆಆರ್‌ಎಫ್ ತಪ್ಪಿದವರೂ ಅದೇ ನೆಟ್ ಅಂಕದಿಂದ ಪಿಎಚ್.ಡಿ. ಪ್ರವೇಶ ಕೇಳಬಹುದು, ಆದರೆ ಆ ಅಂಕಕ್ಕೆ ಒಂದೇ ವರ್ಷದ ಬಾಳಿಕೆ. ನೀವು ಕೊಡುವ ಹಣವನ್ನು ಅರ್ಜಿ ಶುಲ್ಕಕ್ಕೆ, ಸಂದರ್ಶನಕ್ಕೆ ಹೋಗಿಬರುವ ರೈಲು ಖರ್ಚಿಗೆ ಇಡಿ. ಅಲ್ಲಿಯೇ ಹೆಚ್ಚಿನವರು ನಿಂತುಬಿಡುವುದು.

ಪ್ರಮಾಣಪತ್ರಗಳನ್ನು ಮಾತ್ರ ಮರೆಯಬೇಡಿ. ನಾನು ಹೇಳಿದ ಬೀದರಿನ ಹುಡುಗ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಆಯ್ಕೆಯಾಗಿಯೂ ಸೀಟು ಕಳೆದುಕೊಂಡ. ಅವನ ಬಳಿ ಇದ್ದದ್ದು ರಾಜ್ಯದ ಪ್ರವರ್ಗ 2ಎ ಪತ್ರ. ಕೇಂದ್ರದ ನಮೂನೆಯ, ಕೆನೆಪದರಕ್ಕೆ ಸೇರಿಲ್ಲವೆಂಬ ಒಬಿಸಿ ಪತ್ರ ಬೇಕಿತ್ತು. ಅದಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಪತ್ರವನ್ನೂ ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಲಿ.

ಮುಂದಿನ ಸಲ ಊರಿಗೆ ಬಂದಾಗ ಐದಾರು ಮಕ್ಕಳನ್ನಷ್ಟೇ ಕರೆಯಿರಿ. ಭಾಷಣ ಬೇಡ. ಒಂದೊಂದು ಖಾಲಿ ಹಾಳೆ ಕೊಡಿ, ನಿಮ್ಮ ಮೊಬೈಲನ್ನು ಒಳಗಿಡಿ. ಮೊದಲ ಅರ್ಧ ಗಂಟೆ ಯಾರೂ ಏನೂ ಬರೆಯುವುದಿಲ್ಲ, ಆಗ ಎದ್ದು ಹೋಗಬೇಡಿ.