ಫಿನೈಲ್ ಹಾಕಿದರೂ ವಾಸನೆ ಯಾಕೆ ಹೋಗಲ್ಲ?

ಪ್ರಶ್ನೆ: ದಾವಣಗೆರೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹತ್ತಿರದ ಸಾರ್ವಜನಿಕ ಶೌಚಾಲಯಕ್ಕೆ ದಿನಾ ಬೆಳಿಗ್ಗೆ ಫಿನೈಲ್ ಹಾಕುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಒಳಗೆ ಕಾಲಿಡೋಕಾಗಲ್ಲ. ಅದಕ್ಕೇ ನಾವು ಹೆಂಗಸರು ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೇವೆ. ಜನಕ್ಕೆ ಊರಿನ ಮೇಲೆ ಅಭಿಮಾನ ಇಲ್ಲ, ಅದಕ್ಕೇ ಹೀಗೆ ಅಂತಾರೆ ಮಾಲೀಕರು. ನಿಜಾನಾ?

ಉತ್ತರ: ಮೊದಲು ನೀರು ಕುಡಿಯಿರಿ. ನೀರು ಕಮ್ಮಿ ಮಾಡಿ, ಮೂತ್ರವನ್ನೂ ಗಂಟೆಗಟ್ಟಲೆ ತಡೆದುಕೊಂಡರೆ ಸೋಂಕು ಬರುವ ಸಾಧ್ಯತೆ ಜಾಸ್ತಿ, ನಮ್ಮ ಕಡೆಯ ಬಿಸಿಲಲ್ಲಿ ಕಿಡ್ನಿ ಕಲ್ಲಿನ ಕಾಟವೂ ಸೇರಿಕೊಳ್ಳುತ್ತದೆ. ಉರಿ, ಜ್ವರ ಇದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಅಭಿಮಾನದ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ನಲ್ಲಿಯಲ್ಲಿ ನೀರೇ ಬರದಿದ್ದರೆ ಎಂಥ ಶಿಸ್ತಿನವರೂ ಹಾಗೇ ಬಿಟ್ಟು ಬರುತ್ತಾರೆ, ಅದನ್ನು ನೋಡಿದ ಮುಂದಿನವರು ಗೋಡೆ ಬದಿ ಹುಡುಕುತ್ತಾರೆ. ಮೊದಲು ಕೆಟ್ಟಿದ್ದು ನಿರ್ವಹಣೆ.

ಇನ್ನು ವಾಸನೆ. ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಮೂಗಿಗೆ ಹೊಡೆಯೋದು ಅದೇ. ಇದಕ್ಕೆ ಕೆಲವು ಗಂಟೆ ಬೇಕು, ಹಾಗಾಗಿ ಬೆಳಿಗ್ಗೆ ತೊಳೆದದ್ದು ಮಧ್ಯಾಹ್ನಕ್ಕೆ ನಾರುತ್ತದೆ. ಪ್ಯಾನ್ ಅಂಚಲ್ಲಿ, ಪೈಪಿನೊಳಗೆ ಹಳದಿ ಪದರ ಗಟ್ಟಿಯಾಗಿ ಕೂತಿರುತ್ತಲ್ಲ, ಅದು ಮೂತ್ರದ ಲವಣ. ಬೋರ್‌ವೆಲ್‌ನ ಗಡಸು ನೀರಾದರೆ ಇನ್ನೂ ಬೇಗ ಕಟ್ಟುತ್ತದೆ. ಫಿನೈಲ್‌ಗೆ ಅದು ಜಗ್ಗಲ್ಲ, ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಬೇಕು. ಅದರ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಬೆರೆಸಲೇಬಾರದು! ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ನೆಲದ ಜಾಲಿ ಕೆಳಗಿನ ಟ್ರ್ಯಾಪ್, ಅಂದರೆ ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪು, ಒಣಗಿದ್ದರೆ ಚರಂಡಿ ಗಾಳಿ ಸೀದಾ ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಇದು ಮಾಮೂಲಿ, ಒಂದು ಬಕೆಟ್ ನೀರು ಸುರಿದರೆ ಸಾಕು. ಕಿಟಕಿಗೆ ರಟ್ಟು ಬಡಿದಿದ್ದರೆ ತೆಗೆಸಿ.

ನಿಮ್ಮ ಮಾಲೀಕರಿಗೆ ಒಂದು ಮಾತು. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಮದುವೆ ಜವಳಿಗೆ ಅಂತ ಮನೆಮಂದಿಯೆಲ್ಲ ಬರುತ್ತಾರೆ, ಮಕ್ಕಳು, ವಯಸ್ಸಾದವರು, ಬಸುರಿಯರು. ಇಡೀ ದಿನ ಅವರು ಎಲ್ಲಿಗೆ ಹೋಗಬೇಕು? 2016ರಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಗೆ ಬಂದ ದಾವಣಗೆರೆ ಇದು. ಊರಿನ ಅಭಿಮಾನ ಇರುವ ವರ್ತಕರು ಸೇರಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಕೇಳುವಾಗ ಸುಮ್ನೆ 'ಗಲೀಜು' ಅಂತ ಬರೆಯಬೇಡಿ. ನೀರು ಎಷ್ಟು ಗಂಟೆಗೆ ನಿಂತಿತು, ಯಾವ ಬಾಗಿಲಿಗೆ ಚಿಲಕ ಇಲ್ಲ, ಲೈಟು ಎಲ್ಲಿ ಹೋಗಿದೆ, ಇದನ್ನು ಫೋಟೋ ಸಮೇತ ಸರ್ಕಾರದ ಸ್ವಚ್ಛತಾ ಆ್ಯಪ್‌ನಲ್ಲಿ ಹಾಕಿ, ಪಾಲಿಕೆಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಧ್ಯಾಹ್ನ ಮತ್ತು ಸಂಜೆ ಕೂಡ ತೊಳೆಸಬೇಕು, ತೊಳೆಯುವವರಿಗೆ ಗ್ಲೌಸ್, ಬೂಟು, ಉದ್ದ ಹಿಡಿಯ ಬ್ರಷ್ ಕೊಡಬೇಕು ಅಂತ ಅದೇ ಅರ್ಜಿಯಲ್ಲಿ ಬರೆಯಿರಿ. ಗುಂಡಿ ತುಂಬಿದರೆ ಯಂತ್ರದ ಗಾಡಿಯನ್ನೇ ಕರೆಸಬೇಕು, ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಗೆ ಇಳಿಸೋದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ.