ಅಪವರ್ತನ ಹುಡುಕುವ ಮೊದಲು ಕಳೆದು ನೋಡಿ

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಎರಡು ಸಂಖ್ಯೆಗಳ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಬೇಕಾದರೆ ಎರಡನ್ನೂ ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸು, ಎರಡರಲ್ಲೂ ಇರುವುದನ್ನು ಗುಣಿಸು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. 24, 36 ಕೊಟ್ಟರೆ ಚಕಚಕ ಅಂತ ಮಾಡುತ್ತಾಳೆ. ಮೊನ್ನೆ ಅಭ್ಯಾಸದ ಹಾಳೆಯಲ್ಲಿ 899 ಮತ್ತು 1147 ಇತ್ತು. 2, 3, 5, 7 ಯಾವುದರಿಂದಲೂ ಭಾಗ ಹೋಗಲಿಲ್ಲ. ಮಸಾಅ 1 ಅಂತ ಬರೆದುಬಿಟ್ಟಳು. ಹಿಂದೆ ನೋಡಿದರೆ ಉತ್ತರ 31! ಇಂಥ ಲೆಕ್ಕಕ್ಕೆ ಬೇರೆ ದಾರಿ ಇದೆಯಾ?
— ಒಬ್ಬ ತಾಯಿ, ತುಮಕೂರು

ಉತ್ತರ: ಇದೆ, ಅದೂ ಸುಲಭದ್ದು. ನಿಮ್ಮ ಮಗಳಿಗೆ ಕಲಿಸಿದ ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಚಿಕ್ಕ ಸಂಖ್ಯೆಗೆ ಮಾತ್ರ ಚೆನ್ನ. 899 ಅಂದರೆ 29 × 31. ‘900ಕ್ಕೆ ಒಂದು ಕಮ್ಮಿ’ ಅಂತ ಹೊಳೆದವರಿಗೆ ಅದು ಬೇಗ ಸಿಗಬಹುದು. ಉಳಿದವರು 2ರಿಂದ ಶುರು ಮಾಡಿ 29ರ ತನಕ ಒಂದೊಂದೇ ಅವಿಭಾಜ್ಯ ಸಂಖ್ಯೆ ಹಿಡಿದು ಭಾಗಿಸುತ್ತಾ ಹೋಗಬೇಕು. ಮಗು 7ಕ್ಕೋ 11ಕ್ಕೋ ಸುಸ್ತಾಗಿ 1 ಅಂತ ಬರೆದರೆ ಅದನ್ನು ಬೈಯಬಾರದು.

ಬೇರೆ ದಾರಿ ಏನು ಗೊತ್ತಾ? ಸುಮ್ನೆ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 1147 − 899 = 248.

ಈಗ ಯೋಚಿಸಿ. ಯಾವುದೋ ಒಂದು ಸಂಖ್ಯೆಯಿಂದ 1147ಕ್ಕೂ ಭಾಗ ಹೋಗುತ್ತದೆ, 899ಕ್ಕೂ ಹೋಗುತ್ತದೆ ಅಂದರೆ, ಅವುಗಳ ವ್ಯತ್ಯಾಸ 248ಕ್ಕೂ ಹೋಗಲೇಬೇಕು. 31ರ ಮಗ್ಗಿಯಲ್ಲಿರುವ ಒಂದರಿಂದ ಅದೇ ಮಗ್ಗಿಯ ಇನ್ನೊಂದನ್ನು ಕಳೆದರೆ ಬರುವುದೂ 31ರ ಮಗ್ಗಿಯದ್ದೇ ಅಲ್ವಾ? ಇದೇ ಮಾತು ತಿರುಗಿಸಿದರೂ ನಿಜ. 899ಕ್ಕೂ 248ಕ್ಕೂ ಭಾಗ ಹೋಗುವ ಸಂಖ್ಯೆ, ಅವೆರಡನ್ನು ಕೂಡಿಸಿದ 1147ಕ್ಕೂ ಹೋಗುತ್ತದೆ. ಹಾಗಾಗಿ ಮೊದಲ ಜೋಡಿಯ ಸಾಮಾನ್ಯ ಅಪವರ್ತನಗಳೂ ಹೊಸ ಜೋಡಿಯವೂ ಒಂದೇ. 1147ನ್ನು ಇನ್ನು ಮರೆತುಬಿಡಬಹುದು.

ಮುಂದೆ ಒಂದೊಂದೇ ಸಲ ಕಳೆಯುವ ಬದಲು ಭಾಗಿಸಿ, ಶೇಷ ಹಿಡಿದು ಹೋದರೆ ಕೆಲಸ ಬೇಗ ಮುಗಿಯುತ್ತದೆ:

1147 = 1 × 899 + 248
899 = 3 × 248 + 155
248 = 1 × 155 + 93
155 = 1 × 93 + 62
93 = 1 × 62 + 31
62 = 2 × 31 + 0

ಶೇಷ ಸೊನ್ನೆ ಬಂತು. ಕೊನೆಗೆ ಯಾವುದರಿಂದ ಭಾಗಿಸಿದೆವೋ ಅದೇ ಮಸಾಅ, ಅಂದರೆ 31. ಮಕ್ಕಳು ಇಲ್ಲಿ ಎಡವುವುದು ಒಂದೇ ಕಡೆ: ಕೊನೆಯ ಸಾಲಿನ ಭಾಗಲಬ್ಧ 2ನ್ನು ಉತ್ತರ ಅಂದುಕೊಳ್ಳುತ್ತಾರೆ. ಪ್ರತಿ ಸಾಲಿನ ಭಾಜಕ ಮತ್ತು ಶೇಷ ಎರಡೂ ಒಂದೊಂದು ಹೆಜ್ಜೆ ಎಡಕ್ಕೆ ಸರಿದು ಮುಂದಿನ ಸಾಲಿಗೆ ಹೋಗುತ್ತವೆ, ಭಾಗಲಬ್ಧ ಎಲ್ಲೂ ಹೋಗುವುದಿಲ್ಲ ಅಂತ ಬಾಣ ಹಾಕಿ ತೋರಿಸಿ. ಆಮೇಲೆ ಗೊಂದಲ ಇರುವುದಿಲ್ಲ.

ನಾನಾದರೆ ಮಗುವಿಗೆ ಈ ಆರು ಸಾಲನ್ನೂ ಬರೆಸುವುದಿಲ್ಲ. ಮೊದಲ ಸಲ ಕಳೆದಾಗಲೇ 248 ಬಂತಲ್ಲ, ಅದನ್ನು ಬಿಡಿಸುವುದು ಸುಲಭ: 2 × 2 × 2 × 31. ಇತ್ತ 899 ಬೆಸ ಸಂಖ್ಯೆ, ಹಾಗಾಗಿ 2ಗಳು ಲೆಕ್ಕಕ್ಕಿಲ್ಲ. ಉಳಿದದ್ದು 31 ಒಂದೇ. 899ಕ್ಕೆ 31ರಿಂದ ಭಾಗ ಹೋಗುತ್ತದಾ ಅಂತ ನೋಡಿ. ಹೋದರೆ ಮಸಾಅ 31, ಹೋಗದಿದ್ದರೆ 1. ಹೋಗುತ್ತದೆ, 29 ಸಲ. ಕೆಲಸ ಮುಗಿಯಿತು. ಹೀಗೆ ಒಂದು ಸಲ ಕಳೆದು, ಸಂಖ್ಯೆ ಚಿಕ್ಕದಾದ ಮೇಲೆ ಅವಳಿಗೆ ಗೊತ್ತಿರುವ ಕ್ರಮವನ್ನೇ ಹಚ್ಚಲಿ. ಆದರೆ ಪರೀಕ್ಷೆಯಲ್ಲಿ ‘ಅವಿಭಾಜ್ಯ ಅಪವರ್ತನ ಕ್ರಮದಿಂದ’ ಅಂತಲೇ ಕೇಳಿದ್ದರೆ ಆ ಕ್ರಮದಲ್ಲೇ ಬರೆಯಬೇಕು. ಇದು ಆಗ ತಾಳೆ ನೋಡಲು.

2024, 2025ರಂಥ ಅಕ್ಕಪಕ್ಕದ ಸಂಖ್ಯೆ ಕೊಟ್ಟರಂತೂ ಪೆನ್ನೇ ಬೇಡ. ವ್ಯತ್ಯಾಸ 1, ಆದ್ದರಿಂದ ಮಸಾಅ 1.

ಈ ಕ್ರಮ ತುಂಬಾ ಹಳೆಯದು. ಸುಮಾರು ಕ್ರಿ.ಪೂ. 300ರಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ಗ್ರಂಥದ 7ನೇ ಭಾಗವನ್ನು ಶುರು ಮಾಡುವುದೇ ಇದರಿಂದ. ನಮ್ಮ ಆರ್ಯಭಟ 499ರಲ್ಲಿ ಕೊಟ್ಟ ಕುಟ್ಟಕ ವಿಧಾನದಲ್ಲೂ ಹೀಗೇ ಒಂದರಿಂದ ಒಂದನ್ನು ಭಾಗಿಸುತ್ತಾ ಹೋಗಬೇಕು. ಎಷ್ಟು ಸಾಲಿನಲ್ಲಿ ಮುಗಿಯಬಹುದು ಅನ್ನುವುದಕ್ಕೂ ಲೆಕ್ಕ ಇದೆ. ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿ ಇವೆಯೋ ಅದರ ಐದು ಪಟ್ಟಿಗಿಂತ ಜಾಸ್ತಿ ಸಾಲು ಯಾವತ್ತೂ ಬೇಕಾಗದು ಅಂತ ಫ್ರಾನ್ಸಿನ ಲಾಮೆ 1844ರಲ್ಲಿ ಸಾಧಿಸಿ ತೋರಿಸಿದ. ನೂರು ಅಂಕಿಯ ಸಂಖ್ಯೆಗೂ ಹೆಚ್ಚೆಂದರೆ 500 ಸಾಲು. ಅಷ್ಟು ದೊಡ್ಡ ಸಂಖ್ಯೆಯನ್ನು ಅಪವರ್ತನಗಳಾಗಿ ಬಿಡಿಸುವುದು ಕಂಪ್ಯೂಟರಿಗೂ ಹಗುರದ ಕೆಲಸವಲ್ಲ.

ಪ್ರಶ್ನೆ: ನಮ್ಮ ಮನೆಯ ಒಂದು ಕೋಣೆ 12 ಅಡಿ 9 ಇಂಚು ಉದ್ದ, 10 ಅಡಿ 6 ಇಂಚು ಅಗಲ. ಟೈಲ್ಸ್ ಕತ್ತರಿಸದೆ ಹಾಕಬೇಕಾದರೆ ಎಷ್ಟು ದೊಡ್ಡ ಚೌಕದ ಟೈಲ್ಸ್ ತರಬೇಕು? ಇದು ಮಸಾಅ ಲೆಕ್ಕ ಅಂತ ಮಗ ಹೇಳುತ್ತಾನೆ. ಮೇಸ್ತ್ರಿ ನಗುತ್ತಾರೆ.
— ಓದುಗರು, ಹಾಸನ

ಉತ್ತರ: ಮಗನೂ ಸರಿ, ಮೇಸ್ತ್ರಿಯೂ ಸರಿ.

ಇಂಚಿಗೆ ತಂದರೆ 153 ಮತ್ತು 126. ಹಾಳೆಯ ಮೇಲೆ ಕೋಣೆಯ ಚಿತ್ರ ಬರೆಯಿರಿ. ಅದರೊಳಗೆ ಹಿಡಿಸುವ ಅತಿ ದೊಡ್ಡ ಚೌಕ 126 ಇಂಚಿನದು. ಅದನ್ನು ತೆಗೆದರೆ 27 ಇಂಚು ಅಗಲದ ಒಂದು ಪಟ್ಟಿ ಉಳಿಯುತ್ತದೆ. ಆ ಪಟ್ಟಿಯಲ್ಲಿ 27ರ ಚೌಕ ನಾಲ್ಕು ಕೂರುತ್ತವೆ, ಉಳಿಯುವುದು 27ಕ್ಕೆ 18ರ ತುಂಡು. ಅದರಲ್ಲಿ 18ರ ಚೌಕ ಒಂದು, ಉಳಿಯುವುದು 18ಕ್ಕೆ 9. ಅದು 9ರ ಎರಡು ಚೌಕಗಳಿಂದ ಪೂರ್ತಿ ತುಂಬಿತು. ಅಂದರೆ ಉತ್ತರ 9 ಇಂಚು. ಉದ್ದಕ್ಕೆ 17, ಅಗಲಕ್ಕೆ 14, ಒಟ್ಟು 238 ಟೈಲ್ಸ್. ಮೇಲಿನ ಉತ್ತರದಲ್ಲಿ ಭಾಗಿಸಿ ಶೇಷ ಹಿಡಿದದ್ದನ್ನೇ ಇಲ್ಲಿ ಚಿತ್ರ ಬರೆದು ಮಾಡಿದೆವು, ಅಷ್ಟೇ.

ಇನ್ನು ಮೇಸ್ತ್ರಿ ಯಾಕೆ ನಕ್ಕರು ಅನ್ನುವುದು. ಅಂಗಡಿಯಲ್ಲಿ ನೆಲಕ್ಕೆ ಅಂತ ಕೇಳಿದರೆ ಸಾಮಾನ್ಯವಾಗಿ ತೋರಿಸುವುದು ಎರಡಡಿ ಚೌಕದ್ದು. ಅದರ ಲೆಕ್ಕ ನೋಡಿ. ಉದ್ದಕ್ಕೆ 6 ಇಡೀ ಟೈಲ್ಸ್ ಕೂತು 9 ಇಂಚು ಉಳಿಯುತ್ತದೆ. ಅಗಲಕ್ಕೆ 5 ಕೂತು 6 ಇಂಚು ಉಳಿಯುತ್ತದೆ. ಇಡೀ ಟೈಲ್ಸ್ 30. 9 ಇಂಚಿನ ಪಟ್ಟಿ 5 ಬೇಕು, ಒಂದು ಟೈಲ್ಸಿನಲ್ಲಿ ಎರಡು ಬರುವುದರಿಂದ 3 ಟೈಲ್ಸ್. 6 ಇಂಚಿನ ಪಟ್ಟಿ 6 ಬೇಕು, ಒಂದರಲ್ಲಿ ನಾಲ್ಕು ಬರುವುದರಿಂದ 2 ಟೈಲ್ಸ್. ಮೂಲೆಯ ಸಣ್ಣ ತುಂಡು ಮಿಕ್ಕಿದ್ದರಲ್ಲೇ ಆಗುತ್ತದೆ. ಒಟ್ಟು 35. ಕತ್ತರಿಸುವಾಗ ಒಡೆಯುವುದಕ್ಕೆ ಅಂತ ಎರಡು ಮೂರು ಜಾಸ್ತಿ ತನ್ನಿ. 238 ತುಂಡು ಕೂರಿಸಿ ಅಷ್ಟೂ ಸಂದಿಗೆ ಸಿಮೆಂಟ್ ತುಂಬುವುದಕ್ಕಿಂತ ಇದೇ ವಾಸಿ. ಗೋಡೆ ಪಕ್ಕದ ಪಟ್ಟಿ ಹೇಗೂ ಮಂಚದ ಅಡಿಗೆ ಹೋಗುತ್ತದೆ.

ಪ್ರಶ್ನೆ: ಎರಡು ಸಂಖ್ಯೆಗಳ ಗುಣಲಬ್ಧ, ಅವುಗಳ ಮಸಾಅ ಮತ್ತು ಲಸಾಅಗಳ (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ) ಗುಣಲಬ್ಧಕ್ಕೆ ಸಮ ಅಂತ ಓದಿದ್ದೇನೆ. ಮೂರು ಸಂಖ್ಯೆಗೂ ಇದು ನಡೆಯುತ್ತದೆಯೇ?
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕಲಬುರಗಿ

ಉತ್ತರ: ನಡೆಯುವುದಿಲ್ಲ. 6, 10, 15 ತೆಗೆದುಕೊಳ್ಳಿ. ಮಸಾಅ 1, ಲಸಾಅ 30. ಗುಣಿಸಿದರೆ 30. ಆದರೆ 6 × 10 × 15 = 900.

ಎರಡಕ್ಕೆ ಯಾಕೆ ನಡೆಯುತ್ತದೆ ಅಂದರೆ, ಪ್ರತಿ ಅವಿಭಾಜ್ಯ ಅಪವರ್ತನವೂ ಒಂದರಲ್ಲಿ ಕಮ್ಮಿ ಸಲ, ಇನ್ನೊಂದರಲ್ಲಿ ಜಾಸ್ತಿ ಸಲ ಇರುತ್ತದೆ, ಅಥವಾ ಸಮ ಇರುತ್ತದೆ. ಕಮ್ಮಿಯದ್ದು ಮಸಾಅಗೆ, ಜಾಸ್ತಿಯದ್ದು ಲಸಾಅಗೆ ಹೋಗುತ್ತದೆ, ಏನೂ ಉಳಿಯುವುದಿಲ್ಲ. ಮೂರು ಸಂಖ್ಯೆ ಇದ್ದರೆ ನಡುವಿನದು ಎರಡು ಕಡೆಗೂ ಸೇರದೆ ಹೊರಗೆ ನಿಲ್ಲುತ್ತದೆ. ಹಾಗಾಗಿ ಮೂರಿದ್ದರೆ ಮೊದಲ ಎರಡರ ಲಸಾಅ ಕಂಡುಹಿಡಿದು, ಅದಕ್ಕೂ ಮೂರನೆಯದಕ್ಕೂ ಮತ್ತೆ ಲಸಾಅ ಮಾಡಿ. ಮಸಾಅಗೂ ಹೀಗೇ.

ಎರಡೇ ಸಂಖ್ಯೆ ಇದ್ದಾಗ ಪರೀಕ್ಷೆಯಲ್ಲಿ ಸಮಯ ಉಳಿಸಬೇಕಾದರೆ, ಮೊದಲು ಗುಣಿಸಿ ಆಮೇಲೆ ಭಾಗಿಸಬೇಡಿ. 899 ಮತ್ತು 1147ರ ಲಸಾಅ ಬೇಕು ಅಂದುಕೊಳ್ಳಿ. 899ನ್ನು 31ರಿಂದ ಮೊದಲೇ ಭಾಗಿಸಿ 29 ಮಾಡಿಕೊಳ್ಳಿ. 29 × 1147 = 33,263. ಹತ್ತು ಲಕ್ಷ ದಾಟುವ ಸಂಖ್ಯೆಯನ್ನು ಬರೆಯುವ ಗೋಜೇ ಇಲ್ಲ.